ಅಥ್ಲೆಟಿಕ್ ಟ್ರೇನಿಂಗ್ ಓದೋಕೆ ಅಮೆರಿಕಕ್ಕೆ ಬರಬೇಕಾ?

ಯಲಹಂಕದ ತಂಗಿಗೆ,

ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಯುತ್ತಾ ಬಂತು, ಅಮೆರಿಕದಲ್ಲಿ ಅಥ್ಲೆಟಿಕ್ ಟ್ರೇನಿಂಗ್ ಮಾಸ್ಟರ್ಸ್ ಮಾಡಿದರೆ ಕೆಲಸ ಸಿಗುತ್ತಾ, ಅಲ್ಲೇ ಉಳಿಯಬಹುದಾ ಅಂತ ಕೇಳಿದ್ದೀಯ. ‘ಜಿಮ್ ಟ್ರೇನರ್ ಆಗೋಕೆ ಅಷ್ಟು ದೂರ ಯಾಕೆ’ ಅಂತ ಅಮ್ಮ ಬೇಜಾರು ಮಾಡಿಕೊಂಡಿದ್ದಾರಂತೆ. ನಾನೂ ಬಸವನಗುಡಿಯವಳು. ಓಹಾಯೋದ ಒಂದು ಹೈಸ್ಕೂಲಿನಲ್ಲಿ ಇದೇ ಕೆಲಸ ಮಾಡುತ್ತಾ ಹನ್ನೆರಡು ವರ್ಷವಾಯಿತು.

ಮೊದಲು ಅಮ್ಮನಿಗೆ ಹೇಳು, ಇದು ಜಿಮ್ ಕೆಲಸ ಅಲ್ಲ. ಆಟಗಾರ ಬಿದ್ದಾಗ ಮೈದಾನಕ್ಕೆ ಓಡುವವರು ನಾವು. ಆಗಸ್ಟ್ ಬಿಸಿಲಿನಲ್ಲಿ ಇಲ್ಲಿನ ಅಮೆರಿಕನ್ ಫುಟ್‌ಬಾಲ್ ಹುಡುಗರು ಮೈತುಂಬ ಪ್ಯಾಡ್, ತಲೆಗೆ ಹೆಲ್ಮೆಟ್ ಹಾಕಿಕೊಂಡು ಪ್ರಾಕ್ಟೀಸ್ ಮಾಡುತ್ತಾರೆ. ಅವರು ಬರುವ ಮುಂಚೆಯೇ ದೊಡ್ಡ ತೊಟ್ಟಿಗೆ ನೀರು, ಐಸ್ ತುಂಬಿಸಿ ಇಟ್ಟಿರುತ್ತೇನೆ. ಯಾರಿಗಾದರೂ ಹೀಟ್ ಸ್ಟ್ರೋಕ್ ಆದರೆ ಆಂಬುಲೆನ್ಸ್‌ಗೆ ಕಾಯುತ್ತಾ ಕೂರುವಂತಿಲ್ಲ. ಕತ್ತಿನವರೆಗೆ ಆ ನೀರಿನಲ್ಲಿ ಇಳಿಸಿ ಮೈ ತಣ್ಣಗೆ ಮಾಡಬೇಕು, ಆಮೇಲೆ ಆಸ್ಪತ್ರೆ. ಅರ್ಧ ಗಂಟೆಯೊಳಗೆ ಮೈ ಬಿಸಿ ಇಳಿಸಿದರೆ ಜೀವ ಉಳಿಯುತ್ತದೆ. ತಲೆಗೆ ಪೆಟ್ಟು ಬಿದ್ದ ಹುಡುಗ ಎಷ್ಟೇ ಗೋಗರೆದರೂ ಅವತ್ತು ಆಟಕ್ಕೆ ಬಿಡುವುದಿಲ್ಲ. ಈ ಹೊಣೆ ನನಗೆ ತುಂಬಾ ಇಷ್ಟ.

ಓದಿನ ದಾರಿ ಈಗ ಬದಲಾಗಿದೆ. ನಾನು ಓದಿದ್ದು ಬ್ಯಾಚುಲರ್ಸ್. 2022ರ ನಂತರ ಅದಕ್ಕೆ ಹೊಸಬರನ್ನು ಸೇರಿಸಿಕೊಳ್ಳುವುದು ನಿಂತಿತು, ಈಗ ಮಾಸ್ಟರ್ಸ್ ಬೇಕೇ ಬೇಕು. ಈ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಸಿಎಎಟಿಇ, ಅದರ ಮಾನ್ಯತೆ ಇರುವ ಕೋರ್ಸನ್ನೇ ಆರಿಸು. ಅದು ಇಲ್ಲದಿದ್ದರೆ ಅಥ್ಲೆಟಿಕ್ ಟ್ರೇನರ್ ಆಗಲು ಪಾಸಾಗಬೇಕಾದ ಬಿಒಸಿ ಪರೀಕ್ಷೆಗೆ ಕೂರಿಸುವುದಿಲ್ಲ. ಅದು ಪಾಸಾದ ಮೇಲೆ ರಾಜ್ಯದ ಲೈಸೆನ್ಸ್.

ಇನ್ನು ಉಳಿಯುವ ವಿಷಯ. ನನಗೆ ಗ್ರೀನ್ ಕಾರ್ಡ್ ಸಿಕ್ಕಿದ್ದು ಮದುವೆಯಿಂದ. ಹಾಗಾಗಿ ನನ್ನನ್ನು ನೋಡಿ ಲೆಕ್ಕ ಹಾಕಬೇಡ. ಓದು ಮುಗಿದ ಮೇಲೆ ಒಪಿಟಿ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿ, ಒಂದೇ ವರ್ಷ. ಕಂಪ್ಯೂಟರ್ ಓದಿದವರಿಗೆ ಸಿಗುವ ಇನ್ನೆರಡು ವರ್ಷ ಇದಕ್ಕಿಲ್ಲ. ಯೂನಿವರ್ಸಿಟಿಯಲ್ಲಿ ಕೆಲಸ ಸಿಕ್ಕರೆ ಎಚ್-1ಬಿ (ಕೆಲಸದ ವೀಸಾ) ಲಾಟರಿ ಇರುವುದಿಲ್ಲ, ಆದರೆ ಅಲ್ಲಿ ಪೈಪೋಟಿ ಜಾಸ್ತಿ. ಸಂಬಳ ವರ್ಷಕ್ಕೆ ಸುಮಾರು 60 ಸಾವಿರ ಡಾಲರ್ ಆಸುಪಾಸು. ಫಿಸಿಯೋಗಳಿಗೆ ಸುಮಾರು 1 ಲಕ್ಷ.

ನಿನ್ನ ಬಿಪಿಟಿ ಇನ್ನೇನು ಕೈಗೆ ಬರುತ್ತೆ, ಅಲ್ವಾ? ಅದನ್ನು ಇಲ್ಲಿನ ಓದಿಗೆ ಹೋಲಿಸಿ ನೋಡಿಸಿ, ಕಮ್ಮಿ ಬಿದ್ದ ವಿಷಯ ಓದಿ, ಎನ್‌ಪಿಟಿಇ ಅನ್ನೋ ಇಲ್ಲಿನ ಲೈಸೆನ್ಸ್ ಪರೀಕ್ಷೆ ಪಾಸಾದರೆ ಫಿಸಿಯೋ ಆಗಬಹುದು. ಇಲ್ಲಿ ಫಿಸಿಯೋಗಳ ಕೊರತೆ ಇದೆ ಅಂತ ಸರ್ಕಾರವೇ ಒಪ್ಪಿಕೊಂಡಿದೆ. ಅದಕ್ಕೇ ಅವರ ಗ್ರೀನ್ ಕಾರ್ಡ್ ಅರ್ಜಿಗೆ ಒಂದು ದೊಡ್ಡ ಹಂತ ಕಮ್ಮಿ. ನಮ್ಮ ದೇಶದವರ ಉದ್ದದ ಸಾಲು ಮಾತ್ರ ಅವರಿಗೂ ತಪ್ಪಿದ್ದಲ್ಲ. ಇಲ್ಲೇ ನೆಲೆಸುವುದೇ ಮುಖ್ಯ ಅಂದರೆ ಆ ದಾರಿ ಗಟ್ಟಿ ಅಂತ ನನ್ನ ಅಭಿಪ್ರಾಯ.

ಊರಿಗೆ ವಾಪಸ್ ಬಂದರೂ ಬಿಪಿಟಿಯೇ ಕೈ ಹಿಡಿಯುತ್ತದೆ. ನಿಮ್ಮ ಕಡೆಯೇ ಪಡುಕೋಣೆ-ದ್ರಾವಿಡ್ ಕ್ರೀಡಾ ತರಬೇತಿ ಕೇಂದ್ರ ಇದೆ, ಬೆಂಗಳೂರಿನಲ್ಲೇ ಸಾಯ್ (ಭಾರತೀಯ ಕ್ರೀಡಾ ಪ್ರಾಧಿಕಾರ) ಕೇಂದ್ರ ಇದೆ. ಭಾರತದಲ್ಲಿ ಅಥ್ಲೆಟಿಕ್ ಟ್ರೇನರ್ ಅಂತ ಬೇರೆ ಲೈಸೆನ್ಸ್ ಇಲ್ಲ, ಆ ಕೆಲಸಕ್ಕೆ ಸಾಮಾನ್ಯವಾಗಿ ಫಿಸಿಯೋಗಳನ್ನೇ ತೆಗೆದುಕೊಳ್ಳುತ್ತಾರೆ.

ಇಷ್ಟು ಕೇಳಿಯೂ ಮೈದಾನವೇ ಬೇಕು ಅನಿಸಿದರೆ ಬಾ. ಆದರೆ ಸಾಲಕ್ಕೆ ಸಹಿ ಹಾಕುವ ಮುಂಚೆ ಒಂದು ತಿಂಗಳು ಯಾವುದಾದರೂ ಹಾಕಿ ಅಥವಾ ಅಥ್ಲೆಟಿಕ್ಸ್ ತಂಡದ ಫಿಸಿಯೋ ಜೊತೆ ಬೆಳಿಗ್ಗೆ ಸಂಜೆ ನಿಂತು ನೋಡು. ಇಲ್ಲಿ ನನ್ನ ಕೆಲಸ ಶುರುವಾಗುವುದೇ ಮಧ್ಯಾಹ್ನ, ಶುಕ್ರವಾರ ಮ್ಯಾಚ್ ಇದ್ದರೆ ಮನೆ ಸೇರುವಾಗ ರಾತ್ರಿ ಹನ್ನೊಂದು. ಎಷ್ಟೋ ದೀಪಾವಳಿ ಹಾಗೇ ಕಳೆದಿವೆ.

ಬಿಒಸಿಯಲ್ಲಿ ಎಷ್ಟು ಜನ ಪಾಸಾದರು ಅಂತ ಪ್ರತಿ ಕಾಲೇಜೂ ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಪಟ್ಟಿ ಮಾಡಿ ಕಳಿಸು, ಕೂತು ಒಂದೊಂದಾಗಿ ನೋಡೋಣ.