ಗಟ್ಟಿ ಮೈಯ ಏಡಿ ಅಕಶೇರುಕ ಏಕೆ?

ಪ್ರಶ್ನೆ: ಹಾವು ಹಗ್ಗದಂತೆ ಬಳುಕುತ್ತದೆ, ಏಡಿಯ ಮೈಯೋ ಕಲ್ಲಿನಂತೆ ಗಟ್ಟಿ. ಆದರೂ ಹಾವನ್ನು ಕಶೇರುಕವೆಂದೂ ಏಡಿಯನ್ನು ಅಕಶೇರುಕವೆಂದೂ ಕರೆಯುವುದೇಕೆ?

ಉತ್ತರ: ಈ ವಿಂಗಡಣೆಗೂ ಮೈಯ ಗಡಸುತನಕ್ಕೂ ಸಂಬಂಧವಿಲ್ಲ; ಬೆನ್ನೆಲುಬಿದ್ದರೆ ಕಶೇರುಕ, ಇಲ್ಲದಿದ್ದರೆ ಅಕಶೇರುಕ. ಹಾವಿನ ಬೆನ್ನಿನುದ್ದಕ್ಕೂ ಸಾಮಾನ್ಯವಾಗಿ 200ರಿಂದ 400ರಷ್ಟು ಕಶೇರುಮಣಿಗಳು, ಅಂದರೆ ಬೆನ್ನೆಲುಬಿನ ಮಣಿಗಳು, ಒಂದಕ್ಕೊಂದು ಕೀಲುಗೂಡಿಕೊಂಡಿರುತ್ತವೆ. ಅದು ಅಷ್ಟು ಸಲೀಸಾಗಿ ಬಳುಕುವುದು ಮೂಳೆ ಇಲ್ಲದ್ದರಿಂದಲ್ಲ, ಇಷ್ಟೊಂದು ಮಣಿಗಳಿರುವುದರಿಂದ. ಏಡಿಗೆ ಒಳಗೆ ಒಂದು ಮೂಳೆಯೂ ಇಲ್ಲ. ಅದರ ಗಟ್ಟಿತನವೆಲ್ಲ ಕೈಟಿನ್ ಎಂಬ ಗಟ್ಟಿ ನಾರಿನಂಥ ವಸ್ತು ಮತ್ತು ಸುಣ್ಣದಂಶದಿಂದಾದ ಹೊರಕವಚದ್ದು. ಮೂಳೆಯು ದೇಹದೊಡನೆ ಬೆಳೆಯುತ್ತದೆ, ಕವಚ ಬೆಳೆಯುವುದಿಲ್ಲ; ಆದ್ದರಿಂದ ಏಡಿಯು ಹಳೆಯ ಕವಚವನ್ನು ಕಳಚಿ, ನೀರು ಹೀರಿ ಮೈಯುಬ್ಬಿಸಿಕೊಂಡು, ಹೊಸ ಕವಚ ಗಡಸಾಗುವವರೆಗೆ ಶತ್ರುಗಳ ಕಣ್ಣಿಗೆ ಬೀಳದಂತೆ ಅಡಗಿರಬೇಕಾಗುತ್ತದೆ.

ಪಠ್ಯಪುಸ್ತಕಗಳು ಬೆನ್ನೆಲುಬಿಗೇ ನಿಲ್ಲುತ್ತವೆ, ಆದರೆ ನನಗೆ ಹೆಚ್ಚು ಮಹತ್ವದ್ದಾಗಿ ಕಾಣುವುದು ಅಂಗಗಳ ಜೋಡಣೆ. ಕಶೇರುಕಗಳಲ್ಲಿ ಮುಖ್ಯ ನರಹುರಿಯು ಬೆನ್ನಿನ ಕಡೆ, ಕಶೇರುಮಣಿಗಳ ರಕ್ಷಣೆಯಲ್ಲಿ ಸಾಗುತ್ತದೆ, ಹೃದಯ ಎದೆಯ ಕಡೆಗಿರುತ್ತದೆ. ಏಡಿ ಮತ್ತು ಕೀಟಗಳಲ್ಲಿ ಇದು ತಿರುವುಮುರುವು: ನರಹುರಿ ಹೊಟ್ಟೆಯ ಕಡೆ, ಹೃದಯ ಬೆನ್ನಿನ ಕಡೆ. ಫ್ರಾನ್ಸಿನ ಪ್ರಾಣಿವಿಜ್ಞಾನಿ ಜೆಫ್ರಾಯ್ ಸೇಂಟ್ ಹಿಲೇರ್ ಇದನ್ನು 1822ರಲ್ಲೇ ಗಮನಿಸಿ, ಒಂದು ಗುಂಪು ಇನ್ನೊಂದರ ಮಗುಚಿದ ರೂಪವಿರಬೇಕೆಂದು ವಾದಿಸಿದ್ದರು. ಭ್ರೂಣದ ಬೆನ್ನು–ಹೊಟ್ಟೆಗಳನ್ನು ನಿರ್ಧರಿಸುವ ಜೀನುಗಳ ಅಧ್ಯಯನ 20ನೆಯ ಶತಮಾನದ ಕೊನೆಯಲ್ಲಿ ಆ ಊಹೆಗೆ ಮತ್ತೆ ಬಲ ತಂದಿತು.

ಎಲ್ಲ ಕಶೇರುಕಗಳಿಗೂ ಮೂಳೆ ಇರಲೇಬೇಕೆಂದಿಲ್ಲ. ಶಾರ್ಕಿನ ಅಸ್ಥಿಪಂಜರ, ಬೆನ್ನೆಲುಬೂ ಸೇರಿ, ಪೂರ್ತಿ ಮೃದ್ವಸ್ಥಿಯದು, ಅಂದರೆ ಮೂಳೆಗಿಂತ ಮೆತ್ತನೆಯ ಅಂಗಾಂಶದ್ದು.

‘ಅಕಶೇರುಕ’ ಎಂಬ ಹೆಸರಿನ ಬಗ್ಗೆ ಮಾತ್ರ ಎಚ್ಚರವಿರಲಿ. ಫ್ರಾನ್ಸಿನ ಜೀವವಿಜ್ಞಾನಿ ಲಾಮಾರ್ಕ್ 1801ರಲ್ಲಿ ಬೆನ್ನೆಲುಬಿಲ್ಲದ ಪ್ರಾಣಿಗಳನ್ನು ಕುರಿತೇ ಒಂದು ಗ್ರಂಥ ಪ್ರಕಟಿಸಿದ ಮೇಲೆ ಈ ವಿಭಜನೆ ನೆಲೆಯೂರಿತು. ಇದು ಇಲ್ಲದ್ದನ್ನು ಹೇಳುವ ಹೆಸರೇ ಹೊರತು ಬಂಧುತ್ವವನ್ನು ಸೂಚಿಸುವುದಲ್ಲ. ತಿಳಿದಿರುವ ಪ್ರಾಣಿ ಪ್ರಭೇದಗಳಲ್ಲಿ ಶೇಕಡಾ 90ಕ್ಕೂ ಹೆಚ್ಚಿನವು ಈ ಒಂದೇ ಪದದೊಳಗೆ ಸೇರಿಕೊಂಡಿವೆ. ಎರೆಹುಳು, ಜೇಡ, ಆಕ್ಟೋಪಸ್, ಸ್ಪಂಜುಗಳ ನಡುವಿನ ಅಂತರ ನಮಗೂ ಮೀನಿಗೂ ಇರುವ ಅಂತರಕ್ಕಿಂತ ಬಹಳ ದೊಡ್ಡದು. ವಂಶವೃಕ್ಷದಲ್ಲಿ ನಕ್ಷತ್ರಮೀನು ಏಡಿಗಿಂತ ನಮಗೇ ಹತ್ತಿರ. ಅದಕ್ಕಿಂತಲೂ ಹತ್ತಿರದ್ದು ಸಮುದ್ರದ ಬಂಡೆಗಳಿಗೆ ಚೀಲದಂತೆ ಅಂಟಿಕೊಂಡಿರುವ ಟ್ಯುನಿಕೇಟ್: ಈಜಾಡುವ ಅದರ ಮರಿಯ ಬಾಲದಲ್ಲಿ, ನಮ್ಮ ಭ್ರೂಣದಲ್ಲಿ ಬೆನ್ನೆಲುಬಿಗೂ ಮೊದಲು ಮೂಡುವಂಥದೇ ನೋಟೋಕಾರ್ಡ್ ಎಂಬ ಆಧಾರದಂಡವಿರುತ್ತದೆ, ಬಂಡೆಗೆ ಅಂಟಿ ಬಲಿಯುವಾಗ ಅದು ಬಾಲದೊಂದಿಗೆ ಕರಗಿಹೋಗುತ್ತದೆ.