ಟೆಲೋಮಿಯರ್ ಸವೆದರೆ ಕ್ಯಾನ್ಸರ್ ನಿಲ್ಲುತ್ತದೆಯೋ, ಶುರುವಾಗುತ್ತದೆಯೋ?

ನಿಮ್ಮ ಪ್ರಶ್ನೆ ಇದು: ಕ್ರೋಮೋಸೋಮಿನ ತುದಿಯಲ್ಲಿರುವ ಟೆಲೋಮಿಯರ್ ಸವೆದರೆ ಜೀವಕೋಶ ವಿಭಜನೆ ನಿಲ್ಲಿಸುತ್ತದೆ, ಹಾಗಾಗಿ ಕ್ಯಾನ್ಸರ್ ಬರಬಾರದು. ಆದರೆ ಅದೇ ಸವೆತದಿಂದ ಕ್ಯಾನ್ಸರ್ ಬರುತ್ತದೆ ಅಂತಲೂ ಓದಿದ್ದೀರಿ. ಯಾವುದು ಸರಿ?

ಎರಡೂ ಸರಿ. ಓದುವ ದಿನಗಳಲ್ಲಿ ನಾನೂ ಇಲ್ಲೇ ಸಿಕ್ಕಿಹಾಕಿಕೊಂಡಿದ್ದೆ. ಡಿಎನ್‌ಎ ರಿಪೇರಿ ಹೇಗೆ ನಡೆಯುತ್ತದೆ ಅಂತ ತಿಳಿದ ಮೇಲೆಯೇ ಈ ಗಂಟು ಬಿಚ್ಚಿಕೊಂಡಿತು.

ಡಿಎನ್‌ಎಗೆ ಬೀಳುವ ಏಟುಗಳಲ್ಲಿ ತುಂಬಾ ಅಪಾಯದ್ದು ಎರಡೂ ಎಳೆ ಒಂದೇ ಕಡೆ ತುಂಡಾಗುವುದು. ಇದಕ್ಕಾಗಿ ರಿಪೇರಿ ಪ್ರೋಟೀನ್‌ಗಳು ಸದಾ ಕಾಯುತ್ತಿರುತ್ತವೆ. ಮುರಿದ ತುದಿ ಕಂಡರೆ ಸಾಕು, ಹಿಡಿದು ಅಂಟಿಸುತ್ತವೆ. ಈಗ ಯೋಚಿಸಿ, ನಮ್ಮ 46 ಕ್ರೋಮೋಸೋಮ್‌ಗಳಿಗೆ 92 ತುದಿಗಳು ಹೇಗೂ ಇವೆ ಅಲ್ವಾ? ಅವು ಮುರಿದ ತುದಿಗಳಲ್ಲ ಅಂತ ಈ ಪ್ರೋಟೀನ್‌ಗಳಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಟೆಲೋಮಿಯರ್ ಇರುವುದು. ಟಿಟಿಎಜಿಜಿಜಿ ಎಂಬ ಆರು ಡಿಎನ್‌ಎ ಅಕ್ಷರಗಳು ಮತ್ತೆ ಮತ್ತೆ ಬರುವ ಉದ್ದನೆಯ ಭಾಗ ಅದು. ಅದರ ಮೇಲೆ ಶೆಲ್ಟರಿನ್ ಎಂಬ ಆರು ಪ್ರೋಟೀನ್‌ಗಳ ಗುಂಪು ಕೂತು, ತುದಿಯನ್ನು ಮಡಚಿ ಮುಚ್ಚಿಡುತ್ತದೆ.

ಪ್ರತಿ ವಿಭಜನೆಯಲ್ಲೂ ಟೆಲೋಮಿಯರ್ ಸ್ವಲ್ಪ ಸವೆಯುತ್ತದೆ, ಸುಮಾರು 50ರಿಂದ 200 ಅಕ್ಷರದಷ್ಟು. ತೀರಾ ಚಿಕ್ಕದಾದಾಗ ಶೆಲ್ಟರಿನ್ ಕೂರಲು ಜಾಗ ಸಾಲುವುದಿಲ್ಲ, ತುದಿ ಬಯಲಾಗುತ್ತದೆ. "ಡಿಎನ್‌ಎ ಮುರಿದಿದೆ" ಎಂಬ ಸುದ್ದಿ ಹೋಗುತ್ತದೆ. ಪಿ53 ಎಂಬ ಪ್ರೋಟೀನ್ ವಿಭಜನೆಯನ್ನು ನಿಲ್ಲಿಸುತ್ತದೆ. ಮನುಷ್ಯನ ಸಾಮಾನ್ಯ ಜೀವಕೋಶಗಳು 40-60 ಸಲ ವಿಭಜನೆಯಾಗಿ ನಿಂತುಬಿಡುತ್ತವೆ ಅಂತ ಹೇಫ್ಲಿಕ್ ಮತ್ತು ಮೂರ್‌ಹೆಡ್ ಎಂಬ ವಿಜ್ಞಾನಿಗಳು 1961ರಲ್ಲೇ ತೋರಿಸಿದ್ದರು. ಅದರ ಹಿಂದಿನ ಮುಖ್ಯ ಕಾರಣ ಇದೇ. ಕ್ಯಾನ್ಸರ್ ತಡೆಯುವ ಮುಖ ಇದು.

ಆದರೆ ಪಿ53 ಮೊದಲೇ ಕೆಟ್ಟಿದ್ದರೆ? ಜೀವಕೋಶ ನಿಲ್ಲುವುದೇ ಇಲ್ಲ. ಬಯಲಾದ ತುದಿಗಳನ್ನು ರಿಪೇರಿ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿಸಿಬಿಡುತ್ತವೆ. ಹಾಗೆ ಅಂಟಿಕೊಂಡ ಕ್ರೋಮೋಸೋಮಿಗೆ ಎರಡು ಸೆಂಟ್ರೋಮಿಯರ್, ಅಂದರೆ ವಿಭಜನೆಯಲ್ಲಿ ಕ್ರೋಮೋಸೋಮನ್ನು ಹಿಡಿದು ಎಳೆಯುವ ಜಾಗಗಳು, ಇರುತ್ತವೆ. ವಿಭಜನೆಯಲ್ಲಿ ಒಂದನ್ನು ಈ ಕಡೆಗೆ, ಇನ್ನೊಂದನ್ನು ಆ ಕಡೆಗೆ ಎಳೆದರೆ ನಡುವೆ ಸೇತುವೆಯಂತೆ ಬಿಗಿದು, ಎಲ್ಲೋ ಒಂದು ಕಡೆ ಹರಿಯುತ್ತದೆ. ಹರಿದ ತುದಿಗಳು ಮತ್ತೆ ಯಾವುದಕ್ಕೋ ಅಂಟಿಕೊಳ್ಳುತ್ತವೆ, ಮತ್ತೆ ಹರಿಯುತ್ತವೆ. ವಿಭಜನೆಯಿಂದ ಹುಟ್ಟಿದ ಒಂದು ಮರಿಕೋಶಕ್ಕೆ ಕೆಲವು ಜೀನ್‌ಗಳು ಜಾಸ್ತಿ ಬಂದರೆ, ಇನ್ನೊಂದಕ್ಕೆ ಅವೇ ಇಲ್ಲದಂತಾಗುತ್ತದೆ. ಈ ಚಕ್ರವನ್ನು ತಳಿವಿಜ್ಞಾನಿ ಬಾರ್ಬರಾ ಮೆಕ್‌ಕ್ಲಿಂಟಾಕ್ ಜೋಳದ ಗಿಡದಲ್ಲಿ 1930ರ ದಶಕದ ಕೊನೆಗೇ ಗುರುತಿಸಿದ್ದರು, ಡಿಎನ್‌ಎ ರಚನೆ ಗೊತ್ತಾಗುವ ಎಷ್ಟೋ ಮೊದಲೇ. ಆ ಸೇತುವೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ ದಿನ ನನಗೆ ಮೈ ಜುಂ ಅಂದಿತ್ತು. ನಮ್ಮನ್ನು ಕಾಯಬೇಕಾದ ರಿಪೇರಿಯೇ, ಸುಮ್ನೆ ತನ್ನ ಕೆಲಸ ಮಾಡುತ್ತಾ, ಜೀನೋಮನ್ನು ಚಿಂದಿ ಮಾಡುತ್ತದೆ.

ಇಂಥ ಕೋಶಗಳಲ್ಲಿ ಹೆಚ್ಚಿನವು ಸತ್ತೇ ಹೋಗುತ್ತವೆ. ಅಪರೂಪಕ್ಕೆ ಒಂದು ಕೋಶ ಟೆಲೋಮರೇಸ್ ಎಂಬ ಕಿಣ್ವವನ್ನು ಮತ್ತೆ ಚಾಲೂ ಮಾಡಿಕೊಂಡು, ತುದಿಗಳನ್ನು ಬೇಕಾದಷ್ಟೇ ಉದ್ದ ಮಾಡಿಕೊಂಡು ಬದುಕುತ್ತದೆ. ಸುಮಾರು 85-90% ಕ್ಯಾನ್ಸರ್‌ಗಳಲ್ಲಿ ಈ ಕಿಣ್ವ ಕಾಣುತ್ತದೆ. ಉಳಿದವುಗಳಲ್ಲಿ ಹಲವು, ಬೇರೆ ಕ್ರೋಮೋಸೋಮಿನ ಟೆಲೋಮಿಯರ್ ನೋಡಿ ನಕಲು ಮಾಡಿಕೊಳ್ಳುತ್ತವೆ. ಅದಕ್ಕೂ ಬಳಕೆಯಾಗುವುದು ರಿಪೇರಿ ಪ್ರೋಟೀನ್‌ಗಳೇ!

ಡಿಎನ್‌ಎ ರಿಪೇರಿಗೆ ಬೇಕಾದ ಬಿಆರ್‌ಸಿಎ1, ಬಿಆರ್‌ಸಿಎ2 ಜೀನ್ ಕೆಟ್ಟಾಗ ಕ್ಯಾನ್ಸರ್ ಬರುವ ದಾರಿ ಬೇರೆ. ಅಲ್ಲಿ ತಪ್ಪಿಲ್ಲದೆ ಜೋಡಿಸುವ ರಿಪೇರಿಯೇ ಇರುವುದಿಲ್ಲ, ಒರಟು ರಿಪೇರಿ ಮಾತ್ರ ಉಳಿಯುತ್ತದೆ. ಆ ಕೊರತೆಯನ್ನೇ ಹಿಡಿದು ಹೊಡೆಯುವ ಒಲಾಪರಿಬ್ ಎಂಬ ಔಷಧಿ 2014ರಿಂದ ಬಳಕೆಯಲ್ಲಿದೆ.

ಕೊನೆಗೆ, ಟೆಲೋಮಿಯರ್ ಉದ್ದ ಮಾಡುವ ಮಾತ್ರೆ ತಗೊಳ್ಳಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಶೆಲ್ಟರಿನ್ ಗುಂಪಿನ ಪಾಟ್1 ಎಂಬ ಜೀನ್ ಕೆಟ್ಟಿರುವ ಕೆಲವು ಕುಟುಂಬಗಳಲ್ಲಿ ಟೆಲೋಮಿಯರ್ ಹುಟ್ಟಿನಿಂದಲೇ ಉದ್ದವಾಗಿರುತ್ತದೆ. ಅವರಲ್ಲಿ ಮೆಲನೋಮದಂಥ (ಚರ್ಮದ ಒಂದು ಬಗೆಯ ಕ್ಯಾನ್ಸರ್) ಕ್ಯಾನ್ಸರ್‌ಗಳು ಬೇರೆಯವರಿಗಿಂತ ಜಾಸ್ತಿ.