ಕೊಡಗಿನ ಕಾಡುಪಾರಿವಾಳಕ್ಕೆ ‘ಕೊಲಂಬಾ ಎಲ್ಫಿನ್‌ಸ್ಟೋನಿ’ ಅನ್ನೋ ಹೆಸರು ಯಾಕೆ ಬಂತು?

ಅದು ಒಬ್ಬ ಮನುಷ್ಯನ ಹೆಸರಿನಿಂದ ಬಂದದ್ದು. 1819ರಿಂದ 1827ರವರೆಗೆ ಬಾಂಬೆ ಗವರ್ನರ್ ಆಗಿದ್ದ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ನೆನಪಿಗೆ, ಈ ಹಕ್ಕಿಯನ್ನು 1830ರ ದಶಕದಲ್ಲಿ ಮೊದಲು ವಿವರಿಸಿದ ಸೈಕ್ಸ್ ಎಂಬ ಸೇನಾಧಿಕಾರಿ ಇಟ್ಟ ಹೆಸರು.

ವೈಜ್ಞಾನಿಕ ಹೆಸರಿನಲ್ಲಿ ಎರಡು ಭಾಗ ಇರುತ್ತವೆ. ಮೊದಲನೆಯದು ಹತ್ತಿರದ ನೆಂಟ ಹಕ್ಕಿಗಳಿಗೆಲ್ಲ ಸೇರಿದ್ದು. ‘ಕೊಲಂಬಾ’ ಅಂದರೆ ಲ್ಯಾಟಿನ್‌ನಲ್ಲಿ ಪಾರಿವಾಳ, ಅಷ್ಟೇ. ಎರಡನೆಯದು ಆ ಒಂದು ಹಕ್ಕಿಯದ್ದು, ಅದು ಬಣ್ಣ, ಊರು, ವ್ಯಕ್ತಿ ಏನು ಬೇಕಾದರೂ ಆಗಬಹುದು. ಗಂಡಸಿನ ಹೆಸರಾದರೆ ಸಾಮಾನ್ಯವಾಗಿ ಕೊನೆಗೆ ‘ಇ’ ಸೇರುತ್ತದೆ. ನಾವು ‘ರಾಮನ ಮನೆ’ ಅನ್ನುತ್ತೇವಲ್ವಾ, ಹಾಗೇ ಇದು ‘ಎಲ್ಫಿನ್‌ಸ್ಟನ್‌ನ ಪಾರಿವಾಳ’.

ನನಗೆ ಹಕ್ಕಿಯನ್ನೇ ನೋಡಿ ಇಟ್ಟ ಹೆಸರುಗಳು ಜಾಸ್ತಿ ಇಷ್ಟ. ಕಾಫಿ ತೋಟದ ನೆರಳಲ್ಲಿ ನೆಲದ ಮೇಲೆ ಓಡಾಡುತ್ತಾ, ಬಿಸಿಲು ತಾಗಿದ ಕೂಡಲೇ ಹಸಿರಾಗಿ ಮಿರುಗುವ ಪುಟ್ಟ ಪಾರಿವಾಳ ನೋಡಿದ್ದೀರಾ? ಅದರ ಹೆಸರಿನ ಮೊದಲ ಭಾಗ ‘ಚಾಲ್ಕೋಫ್ಯಾಪ್ಸ್’. ಗ್ರೀಕ್‌ನಲ್ಲಿ ಕಂಚಿನ ಪಾರಿವಾಳ ಎಂದರ್ಥ. ಕತ್ತಿನಲ್ಲಿ ಚುಕ್ಕೆ ಇರುವ ಬೆಳವ ‘ಸ್ಪಿಲೋಪೀಲಿಯಾ’, ಅಂದರೆ ಚುಕ್ಕೆ ಪಾರಿವಾಳ. ನಮ್ಮ ಕಾಡುಪಾರಿವಾಳದ ಕತ್ತಿನ ಹಿಂದೆಯೂ ಚದುರಂಗದ ಹಾಸಿನಂಥ ಕಪ್ಪು ಬಿಳಿ ಮನೆಗಳಿವೆ, ಹೆಸರು ಮಾತ್ರ ಗವರ್ನರದ್ದು.